ಎಲ್ಲರಿಗಿಂತ ಕೊನೆಗೆ ವೀರಭದ್ರಮ್ಮ

ಕುರುಗೋಡಿನ ವೀರಭದ್ರಮ್ಮನ ಹೊಟ್ಟೆಯೊಳಗಿನ ಕಿಚ್ಚು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹೊತ್ತಿಕೊಳ್ಳುತ್ತಿತ್ತು. ಬಳ್ಳಾರಿ ಊರ ಹೊರಗಿನ ಮೆಣಸಿನಕಾಯಿ ಗೋದಾಮಿನ ಮುಂದೆ ಆ ಹೊತ್ತಿಗೆ ಒಂದು ಬೈಕು ಬಂದು ನಿಲ್ಲುತ್ತಿತ್ತು. ಹಿಂದಿನಿಂದ ಫರ್ಜಾನಾ ಇಳಿಯುತ್ತಿದ್ದಳು. ಅವಳ ಗಂಡ ನದೀಮ್ ಊಟದ ಡಬ್ಬಿಯನ್ನು ಅವಳ ಕೈಗೆ ಕೊಟ್ಟು ಏನೋ ಒಂದು ಮಾತು ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ಅವನು ಬೈಕು ತಿರುಗಿಸಿಕೊಂಡು ಕೌಲ್ ಬಜಾರಿನ ಕಡೆ ಹೋಗುತ್ತಿದ್ದ. ಅವಳು ನಗು ಮುಖದಲ್ಲಿ ಇಟ್ಟುಕೊಂಡೇ ಒಳಗೆ ಬರುತ್ತಿದ್ದಳು.

ಗಂಡ ಇದ್ದವಳ ನಗು ಬೇರೆ ಇರುತ್ತದೆ. ವೀರಭದ್ರಮ್ಮನಿಗೆ ಅದು ಗೊತ್ತಾಗಿದ್ದು ಗಂಡ ಸತ್ತ ಮೇಲೆ.

ಗೋದಾಮಿನಲ್ಲಿ ಹದಿನಾಲ್ಕು ಜನ ಹೆಣ್ಣುಮಕ್ಕಳು. ಒಣಮೆಣಸಿನಕಾಯಿಯ ತೊಟ್ಟು ಬಿಡಿಸಬೇಕು, ಕೆಂಪಗಿರುವುದನ್ನು ಒಂದು ಕಡೆ, ಬಣ್ಣ ಹೋದ ಬಿಳಿಗಾಯಿಯನ್ನು ಒಂದು ಕಡೆ ಹಾಕಬೇಕು. ಘಾಟಿಗೆ ಮೂಗಿನ ಮೇಲೆ ಬಟ್ಟೆ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಎಲ್ಲರೂ ಗಂಡನ ಹಳೆಯ ಅಂಗಿಯನ್ನೇ ಹಾಕಿಕೊಳ್ಳುವುದು. ವೀರಭದ್ರಮ್ಮನ ಮೈಮೇಲೂ ಗಂಡನ ಅಂಗಿಯೇ. ಆದರೆ ಅದು ಹಳೆಯದಾಗುವುದಕ್ಕೆ ಮೊದಲೇ ಅವಳ ಪಾಲಿಗೆ ಬಂದಿತ್ತು.

ಇಪ್ಪತ್ತೆರಡು ವರ್ಷ ಮೆಣಸಿನಕಾಯಿಯಲ್ಲಿ ಕೂತವಳು ಅವಳು. ಚೀಲದೊಳಗೆ ಕೈ ಬಿಟ್ಟಳೆಂದರೆ ಒಳಗಿನ ಸುದ್ದಿಯೆಲ್ಲ ಕೈಗೆ ಬರುತ್ತಿತ್ತು. ಎಷ್ಟು ದಿನ ಬಿಸಿಲು ಕಂಡಿದೆ, ಯಾವಾಗ ನೀರು ಹೊಡೆದಿದ್ದಾರೆ, ಎಷ್ಟು ಹೊಡೆದಿದ್ದಾರೆ. ಒಣಗಿದ ಕಾಯಿ ಮುರಿಯಬಾರದು ಅಂತ ರೈತರು ಚೀಲಕ್ಕೆ ತುಂಬಿ ತುಳಿಯುವ ಮೊದಲು ಒಂದಿಷ್ಟು ನೀರು ಚಿಮುಕಿಸುತ್ತಾರೆ. ಹದವಾಗಿ ಚಿಮುಕಿಸಿದರೆ ಒಳ್ಳೆಯದು. ಹೆಚ್ಚಾದರೆ ಚೀಲದ ನಡುವೆ ಕೂತು ಮುಗ್ಗಲು ಹಿಡಿಯುತ್ತದೆ. ಬಾಯಿಕಟ್ಟಿನ ಹತ್ತಿರ ನೋಡಿದರೆ ಚಿನ್ನದಂಥ ಮಾಲು, ನಡುವೆ ಕಪ್ಪು.

ಮೇಸ್ತ್ರಿ ಪಟ್ಟ ತನಗೇ ಬರುತ್ತದೆ ಅಂತ ಅವಳು ಅಂದುಕೊಂಡಿದ್ದು ಸುಮ್ಮನೆ ಅಲ್ಲ. ಮೊದಲು ಮೇಸ್ತ್ರಿಯಾಗಿದ್ದವನು ಅವಳ ಗಂಡ ಚಿದಾನಂದಪ್ಪನೇ. ಟೆಂಪೊ ಅವನದೇ. ಕುರುಗೋಡು, ಕೊಳಗಲ್ಲು ಅಂತ ದಾರಿಯಲ್ಲಿ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಬಳ್ಳಾರಿಗೆ ತರುತ್ತಿದ್ದ. ಯಾರು ಎಲ್ಲಿ ಕೂರಬೇಕು, ಯಾವ ಮಾಲು ಮೊದಲು ಒಡೆಯಬೇಕು, ಯಾವುದನ್ನು ವಾಪಸು ಕಳಿಸಬೇಕು, ಎಲ್ಲ ಅವನೇ. ಕೇಳಿದ ತಕ್ಷಣ ಹೇಳುತ್ತಿದ್ದ. ಒಂದು ಸಲ ಹೇಳಿದರೆ ಮುಗಿಯಿತು, ಕಲ್ಲಿನ ಮೇಲೆ ಬರೆದ ಹಾಗೆ. ಅವನು ಹೇಳಿದ್ದು ಕೆಲವು ಸಲ ತಪ್ಪಾಗುತ್ತಿತ್ತು. ತಪ್ಪಾದಾಗಲೂ ಅವನ ದನಿ ತಗ್ಗುತ್ತಿರಲಿಲ್ಲ. ಗಂಡಸು ಅಂದರೆ ಹಾಗಿರಬೇಕು, ಮೇಸ್ತ್ರಿ ಅಂದರೆ ಹಾಗಿರಬೇಕು ಅಂತ ವೀರಭದ್ರಮ್ಮ ಟೆಂಪೊದ ಮುಂದಿನ ಸೀಟಿನಲ್ಲಿ ಕೂತು ಹೆಮ್ಮೆ ಪಡುತ್ತಿದ್ದಳು.

ಅವನು ಹೋದ. ಅವಳು ಮೂರು ತಿಂಗಳು ಮನೆಯಿಂದ ಹೊರಬೀಳಲಿಲ್ಲ. ತಿರುಗಿ ಬಂದಾಗ ಸಾಹುಕಾರ ಹುಲಿಗೇಶ್ ಆ ಜಾಗಕ್ಕೆ ಫರ್ಜಾನಾಳನ್ನು ನಿಲ್ಲಿಸಿದ್ದ. ಸಿರುಗುಪ್ಪದ ಹುಡುಗಿ, ಬಳ್ಳಾರಿಗೆ ಲಗ್ನವಾಗಿ ಬಂದವಳು. ಗೋದಾಮಿಗೆ ಸೇರಿ ಆರು ವರ್ಷ ಆಗಿತ್ತು, ಅಷ್ಟೇ. ವಯಸ್ಸು ಮೂವತ್ತೊಂದು. ವೀರಭದ್ರಮ್ಮ ತೊಟ್ಟು ಬಿಡಿಸಲು ಕಲಿತಾಗ ಆ ಹುಡುಗಿ ಸಿರುಗುಪ್ಪದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಿರಬೇಕು.

ಅದಾದರೂ ನುಂಗಬಹುದಿತ್ತು. ನುಂಗಲಾಗದ್ದು ಇನ್ನೊಂದಿತ್ತು. ಫರ್ಜಾನಾ ಯಾವ ನಿರ್ಧಾರವನ್ನೂ ಒಬ್ಬಳೇ ಮಾಡುತ್ತಿರಲಿಲ್ಲ. ಹೊಸ ಮಾಲು ಬಂದರೆ ಎಲ್ಲರನ್ನೂ ಸುತ್ತ ಕೂರಿಸಿ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಅದೂ ತಲೆಕೆಳಗಾಗಿ. ನಿನ್ನೆ ಮೊನ್ನೆ ಸೇರಿದವಳನ್ನು ಮೊದಲು. ಆಮೇಲೆ ಅವಳಿಗಿಂತ ಹಳಬಳು. ಹಾಗೇ ಮೇಲೆ ಬರುತ್ತಾ ಬರುತ್ತಾ ಎಪ್ಪತ್ತು ಮುಟ್ಟಿದ ಪಕ್ಕೀರಮ್ಮನನ್ನೂ ದಾಟಿ, ಎಲ್ಲರಿಗಿಂತ ಕೊನೆಗೆ ವೀರಭದ್ರಮ್ಮನನ್ನು.

ದೊಡ್ಡವರ ಮಾತು ಮೊದಲು, ಸಣ್ಣವರದು ಆಮೇಲೆ. ಮದುವೆ ಮಾತುಕತೆಯಲ್ಲೂ ಹಾಗೇ, ಮಣ್ಣಿಗೆ ಹೋದಲ್ಲೂ ಹಾಗೇ. ಇವಳು ಹದಿನೆಂಟು ವರ್ಷದ ಹುಡುಗಿಯನ್ನು ಕೇಳಿದ ಮೇಲೆ ತನ್ನನ್ನು ಕೇಳುತ್ತಾಳೆ. ಉಂಡು ಕೈ ತೊಳೆದ ಮೇಲೆ, ನೀನೂ ಉಣ್ಣುತ್ತೀಯಾ ಅಂದ ಹಾಗೆ. ಹದಿಮೂರು ಜನರ ಎದುರಿಗೆ ತನ್ನನ್ನು ತಳಕ್ಕೆ ತಳ್ಳುವುದಕ್ಕೇ ಇವಳು ಇದನ್ನು ಹುಡುಕಿದ್ದಾಳೆ ಅಂತ ವೀರಭದ್ರಮ್ಮ ತೀರ್ಮಾನ ಮಾಡಿಬಿಟ್ಟಳು. ಗಂಡನಿಂದ ಕಲಿತ ತೀರ್ಮಾನ. ಒಂದು ಸಲ ಮಾಡಿದರೆ ಮುಗಿಯಿತು.

ಅವತ್ತು ಬುಧವಾರ. ಮಾರ್ಚ್ ತಿಂಗಳ ಬಿಸಿಲು. ಸಿರುಗುಪ್ಪದ ಕಡೆಯಿಂದ ನೂರ ಅರವತ್ತು ಚೀಲ ಬಂದಿದ್ದವು, ಗೋದಾಮಿನ ಅಂಗಳದಲ್ಲಿ ಒಟ್ಟಿದ್ದರು. ಗುಂಟೂರಿನ ವ್ಯಾಪಾರಿಗೆ ಆ ಮಾಲು ಬೇಕು, ಆದರೆ ಈಗಲ್ಲ. ಆರು ತಿಂಗಳು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಆಮೇಲೆ ಕೊಡಬೇಕು. ಚೀಲ ಬಿಚ್ಚದೆ ಹಾಗೇ ಇಡಬಹುದಾ, ಇಲ್ಲ ಸುರಿದು ನಾಲ್ಕು ದಿನ ಒಣಗಿಸಿ ಮತ್ತೆ ತುಂಬಬೇಕಾ? ಮೇಸ್ತ್ರಿ ಹೇಳಬೇಕಾದದ್ದು ಇದೊಂದೇ. ಹಾಗೇ ಇಟ್ಟರೆ ಸಂಜೆ ನಾಲ್ಕಕ್ಕೆ ಲಾರಿ. ಸುರಿದರೆ ಕೋಲ್ಡ್ ಸ್ಟೋರೇಜಿನಲ್ಲಿ ಹಿಡಿದಿಟ್ಟ ಜಾಗ ಬೇರೆಯವರ ಪಾಲು.

ಈಗ ಬೇರೆಯವನು ಓಡಿಸುವ ಟೆಂಪೊ ಅವತ್ತು ಬೇಗ ಬಂದಿತ್ತು. ವೀರಭದ್ರಮ್ಮ ಸುಮ್ಮನೆ ನಿಲ್ಲಲಾರದೆ ಒಟ್ಟಿದ ಚೀಲಗಳ ಹಿಂದೆ ಹೋದಳು. ಅಂಗಿಯ ತೋಳು ಮೇಲೇರಿಸಿ ಒಂದು ಚೀಲದ ಬಾಯಿಯ ಹೊಲಿಗೆ ಸಡಿಲಿಸಿ ಮೊಣಕೈವರೆಗೂ ಕೈ ಬಿಟ್ಟಳು. ಮೇಲೆ ಗಲಗಲ. ನಡುವೆ ಕೈ ತಣ್ಣಗಾಯಿತು. ಬೆರಳು ಮೂಗಿನ ಹತ್ತಿರ ಹಿಡಿದಳು. ಮುಗ್ಗಲು. ಇನ್ನೊಂದು ಚೀಲ ನೋಡಿದಳು. ಅದೂ ಅಷ್ಟೇ.

ಹೊಲಿಗೆಯನ್ನು ಮೊದಲಿನ ಹಾಗೆ ಎಳೆದು ಕಟ್ಟಿ ಈಚೆ ಬರುವಾಗ ಹೊರಗೆ ಬೈಕು ನಿಂತಿತು. ಆ ಮಾತು, ಆ ನಗು.

ಸಾಹುಕಾರ ಹುಲಿಗೇಶ್ ಫೋನು ಕಿವಿಗೆ ಹಿಡಿದು ಗುಂಟೂರಿನವನ ಜೊತೆ ತೆಲುಗಿನಲ್ಲಿ ಮಾತಾಡುತ್ತಾ ಬಂದ. ಫೋನಿಗೆ ಕೈ ಅಡ್ಡ ಹಿಡಿದು, "ಏನಮ್ಮಾ ಫರ್ಜಾನಾ, ಏನ್ ಹೇಳ್ಲಿ ಅವನಿಗೆ? ಲಗೂನ ಹೇಳು" ಅಂದ.

"ಹತ್ತು ನಿಮಿಷ ಕೊಡ್ರಿ ಸಾವ್ಕಾರ್ರೇ."

"ಚಿದಾನಂದಪ್ಪ ಇದ್ದಿದ್ರ ಇಷ್ಟೊತ್ತಿಗೆ ಲಾರಿ ಮೋಕ ಊರ ದಾಟಿರ್ತಿತ್ತು ನೋಡು!"

ವೀರಭದ್ರಮ್ಮನ ಎದೆ ಒಂದು ಗೇಣು ಅಗಲವಾಯಿತು.

ಎಲ್ಲರೂ ಸುತ್ತ ಕೂತರು. ಒಬ್ಬೊಬ್ಬರೂ ಚೀಲದ ಬಾಯಿಂದ ನಾಲ್ಕು ನಾಲ್ಕು ಕಾಯಿ ತೆಗೆದು ಮುರಿದು, ಬೀಜ ನೋಡಿ, ಮೂಸಿದರು. ಫರ್ಜಾನಾ ಮೊದಲು ಜ್ಯೋತಿಯ ಕಡೆ ತಿರುಗಿದಳು. ಕೊಳಗಲ್ಲಿನ ಹುಡುಗಿ. ಸೇರಿ ಎಂಟು ದಿನ ಆಗಿತ್ತು.

"ಏನಂತೀಬೇ ಜ್ಯೋತಿ?"

"ಚಲೋ ಅದಾವ ಅನ್ನಿಸ್ತದಕ್ಕ. ನನಗೇನು ತಿಳಿತೈತಿ?"

"ತಿಳದಷ್ಟು ಹೇಳು, ಸಾಕು."

ಆಮೇಲೆ ಮುಂದಿನವಳು. ಆಮೇಲೆ ಅದರ ಮುಂದಿನವಳು. ಎಲ್ಲರೂ ಚಲೋ ಐತಿ ಅಂದರು. ಪಕ್ಕೀರಮ್ಮ ಮಾತ್ರ ಕಾಯನ್ನು ಅಂಗೈಯಲ್ಲಿ ಹೊರಳಾಡಿಸುತ್ತಾ ಕೂತಳು.

"ಮ್ಯಾಲಂತೂ ಚಲೋ ಐತಿ. ನಡುವ ನಾ ನೋಡಿಲ್ಲಪಾ. ನನ್ನ ಭುಜ ಹಿಡಕೊಂಡೈತಿ, ಅಷ್ಟು ಒಳಗ ಕೈ ಹೋಗಂಗಿಲ್ಲ."

ಫರ್ಜಾನಾ ವೀರಭದ್ರಮ್ಮನ ಕಡೆ ತಿರುಗಿದಳು. "ಅಕ್ಕ, ನೀ ನಡುವ ನೋಡಿದೇನು?"

ಆ ಒಂದು ಗಳಿಗೆಯಲ್ಲಿ ವೀರಭದ್ರಮ್ಮ ಆರು ತಿಂಗಳು ಮುಂದಕ್ಕೆ ಹೋಗಿ ಬಂದಳು. ಸೆಪ್ಟೆಂಬರಿನಲ್ಲಿ ಚೀಲ ಬಿಚ್ಚುತ್ತಾರೆ. ನೂರ ಅರವತ್ತು ಚೀಲದ ನಡುವೆ ಕಪ್ಪು. ಗುಂಟೂರಿನವನು ಕುಣಿಯುತ್ತಾನೆ. ಸಾಹುಕಾರ ಕೇಳುತ್ತಾನೆ, ಯಾರು ಒಪ್ಪಿದ್ದು? ಮಾಲು ಒಪ್ಪಿದ ಚೀಟಿಯ ಮೇಲೆ ಫರ್ಜಾನಾಳ ಸಹಿ ಇರುತ್ತದೆ. ತಾನು ಏನೂ ಮಾಡಬೇಕಾಗಿಲ್ಲ, ಕಾದರೆ ಸಾಕು. ಗಂಡನ ಜಾಗ ನಡೆದುಕೊಂಡು ತನ್ನ ಹತ್ತಿರ ಬರುತ್ತದೆ.

"ನೋಡೀನಿ" ಅಂದಳು. "ಚಲೋ ಐತಿ."

ಫರ್ಜಾನಾಳ ಮುಖ ಹಗುರಾಯಿತು. "ಹಂಗಾದ್ರ ಆತು" ಅಂತ ಎದ್ದು ಹೋಗಿ ಸಾಹುಕಾರನಿಗೆ ಹೇಳಿದಳು. ತಾನು ಒಂದು ಸಲವೂ ಚೀಲದೊಳಗೆ ಕೈ ಹಾಕಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ವೀರಭದ್ರಮ್ಮನಿಗೆ ರೊಟ್ಟಿ ರುಚಿಸಿತು. ಬಹಳ ದಿನದ ಮೇಲೆ ರುಚಿಸಿತ್ತು. ಗೆದ್ದವರಿಗೆ ಹಸಿವು ಜಾಸ್ತಿ. ಪಕ್ಕದಲ್ಲೇ ಕೂತಿದ್ದ ಫರ್ಜಾನಾಳನ್ನು ಒಂದು ತಿವಿಯೋಣ ಅನ್ನಿಸಿತು.

"ಅಲ್ಲಬೇ ಫರ್ಜಾನಾ, ಮೇಸ್ತ್ರಿ ಆದಾಕಿ ಎಲ್ಲಾರ್ನೂ ಕೇಳ್ಕೊಂತ ಕುಂತ್ರ, ಮೇಸ್ತ್ರಿ ಯಾತಕ್ಕ ಬೇಕು?"

"ಕೇಳಾಕನ ಅಕ್ಕ" ಅಂತ ಫರ್ಜಾನಾ ನಕ್ಕಳು. "ನನಗ ಎಲ್ಲಾ ಗೊತ್ತಿದ್ರ ನಿಮ್ಮನ್ನ ಯಾಕ ಕಾಡ್ಲಿ?"

"ಕೇಳೋದಾದ್ರ ದೊಡ್ಡೋರ್ನ ಮೊದ್ಲ ಕೇಳ್ಬೇಕು. ನಿಮ್ಮ ಕಡೆ ಹೆಂಗೋ ಏನೋ, ನಮ್ಮ ಕಡೆ ಹಂಗ."

"ನಮ್ಮ ಕಡೇನೂ ಹಂಗ ಅಕ್ಕ. ಮೊದ್ಲ ವರ್ಷ ನಾ ಹಂಗ ಮಾಡಿದ್ದೆ, ನೆನಪಿಲ್ಲೇನು? ನಿನ್ನ ಮೊದ್ಲ ಕೇಳ್ತಿದ್ದೆ. ಮೋಕದ ಮಾಲು ಬಂದಾಗ ನೀ ಅಂದಿ, ಇವತ್ತ ತೊಟ್ಟು ಬಿಡ್ಸೋಣು ಅಂತ. ಆಮ್ಯಾಲೆ ಉಳದೋರೆಲ್ಲಾ ಹೂಂ ಹೂಂ ಅಂದ್ರು. ಸಂಜೀಕ ನೋಡಿದ್ರ ಅರ್ಧ ಮಾಲು ತುಂಡು ತುಂಡು. ಭಾಳ ಒಣಗಿತ್ತು."

"ಅದಕ್ಕ?"

ಫರ್ಜಾನಾ ಪಕ್ಕೀರಮ್ಮನ ಕಡೆ ಗಲ್ಲ ತೋರಿಸಿದಳು. "ಅಮ್ಮಗ ಬೆಳಿಗ್ಗೀನ ಗೊತ್ತಿತ್ತಂತ, ಒಣಗೈತಿ ಅಂತ. ಕೇಳು ಬೇಕಾದ್ರ."

ಪಕ್ಕೀರಮ್ಮ ಬೊಚ್ಚು ಬಾಯಲ್ಲಿ ರೊಟ್ಟಿ ಜಗಿಯುತ್ತಾ, "ಹೌದವ್ವ, ಗೊತ್ತಿತ್ತು. ಈಕಿ ಹೇಳಿಬಿಟ್ಟಿದ್ಲಲ್ಲ. ಹುಲಿ ಉಂಡ ಎಡಿಯಾಗ ಕೈ ಹಾಕಾಕ ನನಗೇನು ಹುಚ್ಚೇನು?" ಅಂದಳು. ಎಲ್ಲರೂ ನಕ್ಕರು.

"ಅದಕ್ಕ ನಿನ್ನ ಕಡೀಗೆ ಕೇಳ್ತೀನಿ ಅಕ್ಕ" ಅಂದಳು ಫರ್ಜಾನಾ. "ನಿನ್ನ ಮಾತು ಭಾರ. ಮೊದ್ಲ ಬಿದ್ರ ಉಳದೋರ ಮಾತು ಏಳಾದಿಲ್ಲ. ನಾನಂತೂ ನಿಮ್ಮೆಲ್ಲಾರ ಹಿಂದ. ನಾ ಮೊದ್ಲ ಬಾಯಿ ತೆಗದ್ರ ನೀವೆಲ್ಲ ನನ್ನ ಮಾರಿ ನೋಡಿ ಮಾತಾಡ್ತೀರಿ."

ಅಷ್ಟು ಹೇಳಿ ಅವಳು ಡಬ್ಬಿ ತೊಳೆಯಲು ಎದ್ದು ಹೋದಳು.

ಈಗ ವೀರಭದ್ರಮ್ಮನಿಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯಿತು. ಇಷ್ಟು ಸಣ್ಣ ವಿಷಯ ಇವಳಿಗೆ ಹೊಳೆದಿದೆ. ತನಗೆ ಇಪ್ಪತ್ತೆರಡು ವರ್ಷದಲ್ಲಿ ಹೊಳೆಯಲಿಲ್ಲ. ಗಂಡನಿಗೂ ಹೊಳೆಯಲಿಲ್ಲ. ಅವನಿಗೂ ಹೊಳೆಯಲಿಲ್ಲ ಅನ್ನುವುದೇ ಹೆಚ್ಚು ಸುಟ್ಟಿತು. ಇವಳ ಗಂಡ ಬದುಕಿದ್ದಾನೆ, ಇವಳಿಗೆ ಮೇಸ್ತ್ರಿ ಪಟ್ಟ ಇದೆ, ಅದರ ಮೇಲೆ ಬುದ್ಧಿಯೂ ಇವಳಿಗೇ. ದೇವರು ಹಂಚುವಾಗ ಕಣ್ಣು ಮುಚ್ಚಿಕೊಂಡಿದ್ದನೇ?

ರೊಟ್ಟಿ ಕೈಯಲ್ಲೇ ಉಳಿಯಿತು. ಎರಡು ವರ್ಷದ ಹಿಂದಿನ ಬೆಳಗು ಕಣ್ಣ ಮುಂದೆ ಬಂದು ನಿಂತಿತು. ಕರೆಯದಿದ್ದರೂ ಬರುತ್ತದೆ ಅದು.

ಚಿದಾನಂದಪ್ಪ ಸ್ನಾನ ಮಾಡಿ ಬಂದು ಕಟ್ಟೆಯ ಮೇಲೆ ಕೂತಿದ್ದ. ಫೆಬ್ರವರಿಯ ಚಳಿಯಲ್ಲಿ ಅವನ ಹಣೆ ಬೆವರುತ್ತಿತ್ತು. ಎಡಗೈ ತಿಕ್ಕಿಕೊಂಡ. ಅವಳು ಬಾಗಿಲಲ್ಲಿ ನಿಂತು ನೋಡಿದಳು. "ಗ್ಯಾಸು" ಅಂದ ಅವನು. "ಸೋಡಾ ಕುಡದ್ರ ಹೋಗತೈತಿ." ಅಲ್ಲ ಅಂತ ಅವಳಿಗೆ ಅನ್ನಿಸಿತ್ತು. ಚೀಲದೊಳಗೆ ಕೈ ಬಿಟ್ಟಾಗ ತಿಳಿಯುತ್ತದಲ್ಲ, ಹಾಗೇ ತಿಳಿದಿತ್ತು. ಕುರುಗೋಡಿನ ಸರ್ಕಾರಿ ದವಾಖಾನೆ ಮನೆಯಿಂದ ನಡೆದು ಹೋಗುವಷ್ಟು ದೂರ. ಆದರೆ ಅವನು ಹೇಳಿಯಾಗಿತ್ತು. ಅವನು ಹೇಳಿದ ಮೇಲೆ ಆ ಮನೆಯಲ್ಲಿ ಇನ್ನೊಂದು ಮಾತು ಇರಲಿಲ್ಲ. ಅವಳು ಸೋಡಾ ತಂದುಕೊಟ್ಟಳು.

ಕೊಳಗಲ್ಲು ಇನ್ನೂ ಎರಡು ಮೈಲಿ ಇದೆ ಅನ್ನುವಾಗ ಅವನು ಟೆಂಪೊವನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಹ್ಯಾಂಡ್ ಬ್ರೇಕ್ ಎಳೆದ. ಆಮೇಲೆ ಸ್ಟೇರಿಂಗಿನ ಮೇಲೆ ತಲೆ ಇಟ್ಟ. ಹಿಂದೆ ಕೂತ ಹೆಣ್ಣುಮಕ್ಕಳಿಗೆ ಒಂದು ಗೀರೂ ಆಗಲಿಲ್ಲ. ಇವತ್ತಿಗೂ ಊರವರು ಹೇಳುತ್ತಾರೆ, ಪುಣ್ಯಾತ್ಮ, ಸಾಯುವಾಗಲೂ ಗಾಡಿ ನಿಲ್ಲಿಸಿ ಸತ್ತ ಅಂತ. ವೀರಭದ್ರಮ್ಮ ತಲೆ ಆಡಿಸುತ್ತಾಳೆ. ಸೋಡಾದ ಮಾತು ಯಾರಿಗೂ ಹೇಳಿಲ್ಲ.

ಅಂಗಳದಲ್ಲಿ ಲಾರಿಯ ಸದ್ದಾಯಿತು. ನಾಲ್ಕಕ್ಕೆ ಬರಬೇಕಾದದ್ದು ಎರಡೂವರೆಗೇ ಬಂದಿತ್ತು. ಹಮಾಲರು ಚೀಲ ಹೊರಲು ಶುರು ಮಾಡಿದರು. ವೀರಭದ್ರಮ್ಮ ತೊಟ್ಟು ಬಿಡಿಸುತ್ತಾ ಕೂತಳು. ಹತ್ತು ಚೀಲ ಹೋದವು. ಇಪ್ಪತ್ತು ಹೋದವು. ಅವಳ ಕೈ ಕೆಂಪು ಕಾಯಿಯನ್ನು ಬಿಳಿಗಾಯಿಯ ಗುಡ್ಡೆಗೆ ಹಾಕುತ್ತಿತ್ತು. ಎದುರಿಗೆ ಕೂತ ಜ್ಯೋತಿ ನೋಡಿ, "ಅಕ್ಕ, ಆ ಕಡೆ" ಅಂದಳು. ಬೆಳಿಗ್ಗೆಯಾಗಿದ್ದರೆ ಅವಳನ್ನು ಹರಿದು ತಿನ್ನುತ್ತಿದ್ದಳು.

ನಲವತ್ತನೆಯ ಚೀಲಕ್ಕೋ ಐವತ್ತನೆಯದಕ್ಕೋ ವೀರಭದ್ರಮ್ಮ ಎದ್ದಳು. ಲಾರಿಯ ಹಿಂದೆ ಹೋಗಿ ನಿಂತು, "ಇಳಸ್ರಿ" ಅಂದಳು.

"ಏನಬೇ?" ಹಮಾಲ ಬೆನ್ನ ಮೇಲಿನ ಚೀಲದ ಕೆಳಗಿಂದಲೇ ಕೇಳಿದ.

"ಇಳಸ್ರಿ ಅಂದೆ. ಮಾಲು ಹಸಿ ಐತಿ."

"ಏರ್ಸು ಅಂತಾರ, ಇಳ್ಸು ಅಂತಾರ. ನಮ್ಮ ಬೆನ್ನೇನು ಬಾಡಿಗಿ ಕತ್ತೀದೇನು?"

ಗದ್ದಲ ಕೇಳಿ ಸಾಹುಕಾರ ಬಂದ, ಫರ್ಜಾನಾ ಬಂದಳು. ವೀರಭದ್ರಮ್ಮ ಯಾರ ಮುಖವನ್ನೂ ನೋಡಲಿಲ್ಲ. ಒಂದು ಚೀಲ ಎಳೆದು ಹೊಲಿಗೆಯನ್ನು ಹಲ್ಲಿನಿಂದ ಹರಿದು ಫರ್ಜಾನಾಳ ಕೈ ಹಿಡಿದು ಒಳಗೆ ತುರುಕಿದಳು. ಫರ್ಜಾನಾ ಕೈ ತೆಗೆದು ಮೂಸಿದಳು. ಮತ್ತೊಂದು ಚೀಲಕ್ಕೆ ತಾನೇ ಕೈ ಹಾಕಿದಳು. ಸುತ್ತ ಎಲ್ಲರೂ ಸೇರಿದ್ದರು.

"ಬೆಳಿಗ್ಗೀನ ಗೊತ್ತಿತ್ತೇನಕ್ಕ?"

"ಹೂಂ."

"ಗೊತ್ತಿದ್ದೂ ಚಲೋ ಐತಿ ಅಂದಿ?"

"ಹೂಂ."

"ಯಾಕ?"

"ನೀ ಬೀಳ್ಲಿ ಅಂತ."

ಇಷ್ಟು ನೇರವಾಗಿ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಹೇಳಿದವಳಿಗೂ. ಸಾಹುಕಾರನ ಮುಖ ಹಣ್ಣು ಮೆಣಸಿನಕಾಯಿ ಆಯಿತು.

"ಹೊರಗ ಹಾಕು ಆಕೀನ! ಈಗಿಂದೀಗ! ಚಿದಾನಂದಪ್ಪನ ಮಾರಿ ನೋಡಿ ಇಟ್ಕೊಂಡಿದ್ದು, ತಿಂದ ಮನೀಗೆ ಕನ್ನ ಹಾಕ್ತಾಳ!"

ವೀರಭದ್ರಮ್ಮ ಆಗಲೇ ಮೂಗಿನ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದಳು. ತಾನಾಗಿದ್ದರೆ ಇದನ್ನೇ ಮಾಡುತ್ತಿದ್ದಳು. ಗಂಡನಾಗಿದ್ದರೂ ಇದನ್ನೇ.

ಫರ್ಜಾನಾ ಚೀಲದೊಳಗಿಂದ ತೆಗೆದ ಕೈಯನ್ನು ಅಂಗಿಗೆ ಒರೆಸಿಕೊಂಡಳು.

"ಸಾವ್ಕಾರ್ರೇ, ಮಾಲು ಇಳಸ್ರಿ. ಅದು ಈಗ ಆಗ್ಬೇಕು. ಈಕೀ ಮಾತು ನಾಳೆ. ನನಗೀಗ ಭಾಳ ಸಿಟ್ಟು ಬಂದೈತಿ, ಸಿಟ್ಟಿನಾಗ ಏನೂ ಹೇಳಂಗಿಲ್ಲ." ಆಮೇಲೆ, "ನಂದೂ ತಪ್ಪೈತಿ. ಎಲ್ಲಾರ್ನೂ ಕೇಳಿದೆ, ನಾ ಕೈ ಹಾಕಿ ನೋಡ್ಲಿಲ್ಲ. ಕೇಳೋದಂದ್ರ ನೋಡೋದಲ್ಲ" ಅಂದಳು.

ಎರಡು ಏಟು ಹೊಡೆದಿದ್ದರೆ ವೀರಭದ್ರಮ್ಮನಿಗೆ ಸಮಾಧಾನ ಇರುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಹೋಗುವುದೋ ಬೇಡವೋ ಅಂತ ಬಾಗಿಲಲ್ಲೇ ನಿಂತಿದ್ದಳು. ಟೆಂಪೊ ಬಂದು ಹಾರನ್ ಹೊಡೆಯಿತು. ಹತ್ತಿದಳು. ಗೋದಾಮಿನ ಅಂಗಳದಲ್ಲಿ ನೂರ ಅರವತ್ತು ಚೀಲದ ಮಾಲು ಕೆಂಪು ಗದ್ದೆಯ ಹಾಗೆ ಹರಡಿ ಬಿದ್ದಿತ್ತು. ನಡುನಡುವೆ ಕಪ್ಪು ಮಚ್ಚೆ. ಕೋಲ್ಡ್ ಸ್ಟೋರೇಜಿನ ಜಾಗ ಕೈತಪ್ಪಿತ್ತು. ಸಾಹುಕಾರ ಮುಖ ತಿರುಗಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ.

ಫರ್ಜಾನಾ ಎಲ್ಲರನ್ನೂ ಸುತ್ತ ಕೂರಿಸಿದಳು. ಅವಳ ಕಣ್ಣು ಊದಿತ್ತು. ಅವತ್ತು ಬಾಗಿಲಲ್ಲಿ ನಗು ಕೇಳಿಸಿರಲಿಲ್ಲ. ಅದನ್ನು ಗಮನಿಸಿದಾಗ ವೀರಭದ್ರಮ್ಮನಿಗೆ ಖುಷಿ ಆಗಬೇಕಿತ್ತು, ಅದೂ ಆಗಲಿಲ್ಲ.

"ವೀರಭದ್ರಕ್ಕ ಮಾಡಿದ್ದು ನೋಡೀರಿ. ಏನ್ ಮಾಡೋಣು? ಜ್ಯೋತಿ, ನೀ ಹೇಳು."

ಜ್ಯೋತಿ ಕಾಲ್ಬೆರಳಿನಿಂದ ನೆಲ ಕೆದರಿದಳು. "ಹೇಳ್ಯಾರಲ್ಲಕ್ಕ ಕಡೀಗಾರ. ಇರ್ಲಿ."

ಒಬ್ಬಳು ಇರಲಿ ಅಂದಳು. ಒಬ್ಬಳು ಬೇಡ ಅಂದಳು. ಒಬ್ಬಳು ವಾರ ಮನೆಯಲ್ಲಿ ಕೂರಿಸಿ ಅಂದಳು. ವೀರಭದ್ರಮ್ಮ ಒಬ್ಬೊಬ್ಬರ ಮಾತೂ ಕಿವಿಯಲ್ಲಿ ಕಾದ ಎಣ್ಣೆ ಹಾಕಿದ ಹಾಗೆ ಕೇಳುತ್ತಾ ಕೂತಳು. ಇಷ್ಟು ದಿನ ಈ ಹೆಣ್ಣುಮಕ್ಕಳು ಮಾತಾಡುವಾಗ ಅವಳು ಕಿವಿ ಕೊಟ್ಟಿರಲೇ ಇಲ್ಲ. ತನ್ನ ಸರದಿ ಎಷ್ಟು ತಡ ಅಂತ ಎಣಿಸುತ್ತಾ ಕೂರುತ್ತಿದ್ದಳು, ಅಷ್ಟೇ.

ಪಕ್ಕೀರಮ್ಮ ಕೆಮ್ಮಿದಳು. "ಕಳಸ್ರಿ ಮನೀಗೆ. ನನ್ನ ಮಗಳ ವಯಸ್ಸು, ಮುಖದ ಮ್ಯಾಲೆ ಹೇಳ್ತೀನಿ. ಹೊಟ್ಟಿಕಿಚ್ಚು ಎಲ್ಲಾರ್ಗೂ ಇರ್ತೈತಿ. ನನಗ ನಿಮ್ಮೆಲ್ಲಾರ ಹಲ್ಲು ನೋಡಿದ್ರ ಹೊಟ್ಟಿಕಿಚ್ಚು. ಹಂಗಂತ ಕಲ್ಲು ತಗೊಂಡು ಬಡದೀನೇನು?"

ಯಾರಿಗೋ ನಗು ಬಂತು, ನುಂಗಿಕೊಂಡಳು.

ಫರ್ಜಾನಾ ಕೊನೆಗೆ ಇವಳ ಕಡೆ ತಿರುಗಿದಳು. "ಅಕ್ಕ, ನೀ ಏನಂತಿ?"

ತನ್ನ ಪಂಚಾಯಿತಿಯಲ್ಲಿ ತನ್ನನ್ನೂ ಕೇಳುತ್ತಾಳೆ ಅಂತ ವೀರಭದ್ರಮ್ಮ ಅಂದುಕೊಂಡಿರಲಿಲ್ಲ. ಕ್ಷಮಿಸು ಅನ್ನುವ ಮಾತು ಬಾಯಿಗೆ ಬರಲಿಲ್ಲ. ಬಂದಿದ್ದರೂ ಅದು ಸುಳ್ಳಾಗುತ್ತಿತ್ತು.

"ನಾನಾಗಿದ್ರ ನಿನ್ನೆ ದಿನಾನ ಮನೀಗೆ ಕಳಸ್ತಿದ್ದೆ" ಅಂದಳು. "ನಿನ್ನ ಮ್ಯಾಲಿನ ಹೊಟ್ಟಿಕಿಚ್ಚು ಹೋಗಿಲ್ಲ ನಂದು. ಹೋಗ್ತೈತಿ ಅಂತ ಹೇಳಂಗಿಲ್ಲ. ಆದ್ರ ಮಾಲಿನ ಬಗ್ಗೆ ಇನ್ನೊಮ್ಮೆ ಸುಳ್ಳು ಹೇಳಂಗಿಲ್ಲ. ಅಷ್ಟ."

ಫರ್ಜಾನಾ ಸಾಹುಕಾರನಿಗೂ ಕೇಳುವ ಹಾಗೆ ಹೇಳಿದಳು.

"ಈಕಿ ಇಲ್ಲಿ ಕುಂತ್ರ ನಂದೂ ಕೆಲಸ ಆಗಂಗಿಲ್ಲ, ಈಕೀದೂ ಆಗಂಗಿಲ್ಲ. ದಿನಾ ನನ್ನ ಮಾರಿ ನೋಡ್ತಾಳ. ಆದ್ರ ಇಂಥಾ ಕೈ ನಮಗೆ ಇನ್ನೊಂದು ಸಿಗಂಗಿಲ್ಲ. ಮಾಲು ಇಲ್ಲಿಗೆ ಬಂದ ಮ್ಯಾಲೆ ನೋಡೋದ ತಪ್ಪು. ಲಾರಿ ಏರೋ ಮೊದ್ಲ, ರೈತರ ಕಣದಾಗ ನೋಡ್ಬೇಕು. ಈಕೀನ ಅಲ್ಲಿಗೆ ಕಳಸೋಣು. ಸಿರುಗುಪ್ಪ, ತೆಕ್ಕಲಕೋಟಿ, ಎಲ್ಲಿ ಮಾಲು ತಗೋತೀವೋ ಅಲ್ಲಿ. ಈಕಿ ಹೂಂ ಅಂದ್ರ ಲಾರಿ ಏರ್ಲಿ. ಎರಡು ತಿಂಗಳು ನೋಡೋಣು. ನಾನೂ ಲಾರಿಗೆ ಐದು ಚೀಲ ಕೈ ಹಾಕಿ ನೋಡ್ತೀನಿ, ಇಲ್ಲೆ."

ಸಾಹುಕಾರ ಗೊಣಗಿದ. ಆದರೆ ಅಂಗಳದ ಕಪ್ಪು ಮಚ್ಚೆ ನೋಡಿ ಆಗಲಿ ಅಂದ.

ವೀರಭದ್ರಮ್ಮನಿಗೆ ಇದು ಏರಿಸಿದ್ದೋ ಓಡಿಸಿದ್ದೋ ತಿಳಿಯಲಿಲ್ಲ. ತನ್ನನ್ನು ಗೋದಾಮಿನಿಂದ ದೂರ ಇಟ್ಟಳು, ಅಂದರೆ ಮೇಸ್ತ್ರಿ ಪಟ್ಟದಿಂದ ದೂರ ಇಟ್ಟಳು. ಅದೂ ಎಲ್ಲರೆದುರು ಉಪಕಾರ ಮಾಡಿದ ಹಾಗೆ. ಎಂಥ ಜಾಣೆ! ಇವಳ ತಲೆಯನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೊಡುವ ಹಾಗಿದ್ದರೆ ತೆಗೆದುಕೊಳ್ಳಬಹುದಿತ್ತು ಅನ್ನಿಸಿತು.

ಮುಂದಿನ ಸೋಮವಾರ ಅವಳು ಕುರುಗೋಡಿನಿಂದ ಸಿರುಗುಪ್ಪದ ಬಸ್ಸು ಹತ್ತಿದಳು. ಊರ ಹೊರಗೆ ರಂಗಣ್ಣ ಅನ್ನುವವನ ಕಣದಲ್ಲಿ ತೊಂಬತ್ತು ಚೀಲ ಹೊಲಿದು ನಿಲ್ಲಿಸಿದ್ದರು. ಅತ್ತ ಕಾಲುವೆಯ ನೀರಿನ ಭತ್ತದ ಗದ್ದೆ, ಇತ್ತ ಮೆಣಸಿನಕಾಯಿಯ ಘಾಟು. ರಂಗಣ್ಣ ದೊಡ್ಡ ದನಿಯ ಮನುಷ್ಯ.

"ಯಾಕ್ರೀ, ಸಾವ್ಕಾರ್ರು ಹೆಣ್ಮಕ್ಕಳ್ನ ಕಳಸ್ಯಾರ? ಮಾಲು ಪಸಂದೈತ್ರಿ. ನೀರು ಒಂದ ಕೈ ಚಿಮುಕ್ಸೀವಿ, ಅದೂ ಮೂರು ದಿನ ಆತು. ಮ್ಯಾಲೆ ನೋಡ್ರಿ, ಸಾಕು."

ಅವನ ಹೆಂಡತಿ ಭಾಗ್ಯ ಚೀಲಗಳ ಆಚೆ ಸೆರಗು ಹಿಡಿದು ನಿಂತಿದ್ದಳು. ಗಂಡ ಮೂರು ದಿನ ಅಂದಾಗ ಅವಳು ಅವನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. ಅವಳು ಏನೂ ಹೇಳುವುದಿಲ್ಲ ಅಂತ ವೀರಭದ್ರಮ್ಮನಿಗೆ ಗೊತ್ತಿತ್ತು. ಅವನು ಹೇಳಿಯಾಗಿತ್ತಲ್ಲ.

"ಅಣ್ಣ, ಬಿಸಲಾಗ ಬಂದೀನಿ. ಒಂದೀಟು ಚಾ ತರಸ್ತೀರೇನು? ಅಂಗಡೀದ ಆದ್ರೂ ನಡೀತೈತಿ" ಅಂದಳು.

ರಂಗಣ್ಣ ಗೊಣಗುತ್ತಾ ಬೈಕು ಹತ್ತಿ ಹೋದ. ಸದ್ದು ಮರೆಯಾಗುವವರೆಗೂ ಅವಳು ಚೀಲಕ್ಕೆ ಕೈ ಹಾಕಲಿಲ್ಲ.

"ತಂಗಿ, ನೀರು ನೀ ಚಿಮುಕ್ಸಿದ್ದೋ, ಅವರೋ?"

"ನಾನ ಅಕ್ಕ."

"ಯಾವಾಗ? ನಾ ಅವರಿಗೆ ನಿನ್ನ ಹೆಸರು ಹೇಳಂಗಿಲ್ಲ. ನನ್ನ ಕೈಗೆ ಸಿಕ್ತು ಅಂತೀನಿ."

ಭಾಗ್ಯ ದಾರಿಯ ಕಡೆ ನೋಡಿದಳು. "ನಿನ್ನೆ ಸಂಜೀಕ ಮತ್ತೊಮ್ಮೆ ಹೊಡಸಿದ್ರು. ತೂಕ ಬರ್ಲಿ ಅಂತ. ಆ ಕಡಿ ಸಾಲಿಗೆ ಅಷ್ಟ. ಈ ಕಡೀವು ಚಲೋ ಅದಾವ. ನಾ ಬ್ಯಾಡ ಅನ್ನಬೇಕಂದೆ..." ಮಾತು ಅಲ್ಲೇ ಬಿಟ್ಟಳು.

ವೀರಭದ್ರಮ್ಮ ಆ ಸಾಲಿಗೂ ಈ ಸಾಲಿಗೂ ಭುಜದವರೆಗೆ ಕೈ ಬಿಟ್ಟು ನೋಡಿದಳು. ಹೆಣ್ಣುಮಗಳು ಹೇಳಿದ ಹಾಗೇ ಇತ್ತು. ಅರವತ್ತು ಚೀಲ ಏರಬಹುದು, ಮೂವತ್ತನ್ನು ಸುರಿಯಬೇಕು. ಅವಳೊಬ್ಬಳೇ ನೋಡಿದ್ದರೆ ಮೊದಲ ಹಸಿ ಚೀಲಕ್ಕೇ ತೊಂಬತ್ತೂ ಬೇಡ ಅಂದುಬಿಡುತ್ತಿದ್ದಳು. ಗಂಡನೂ ಹಾಗೇ ಅನ್ನುತ್ತಿದ್ದ.

ಫೋನು ತೆಗೆದಳು. ಫರ್ಜಾನಾಗೆ ಮಾಡಬೇಕಾಗಿತ್ತು. ಬೆರಳು ಸಾಹುಕಾರನ ಹೆಸರಿನ ಮೇಲೆ ಒಂದು ಗಳಿಗೆ ನಿಂತಿತು. ನೇರವಾಗಿ ಅವನಿಗೇ ಹೇಳಿದರೆ ಹೆಸರು ತನಗೇ ಬರುತ್ತದೆ. ಫರ್ಜಾನಾಗೇ ಹಚ್ಚಿದಳು. ಅರವತ್ತು, ಮೂವತ್ತು, ಯಾವ ಸಾಲು, ಎಲ್ಲ ಹೇಳಿದಳು. ಆ ಕಡೆ ಗೋದಾಮಿನ ಕೆಮ್ಮು, ಪಕ್ಕೀರಮ್ಮನ ಬೈಗಳು ಕೇಳಿಸುತ್ತಿತ್ತು.

"ಭಾಳ ಚಲೋ ಮಾಡ್ದಿ ಅಕ್ಕ" ಅಂದಳು ಫರ್ಜಾನಾ.

ವೀರಭದ್ರಮ್ಮನಿಗೆ ಮೈಯೆಲ್ಲ ಉರಿಯಿತು. ಚಲೋ ಮಾಡ್ದಿ ಅನ್ನಲು ಇವಳು ಯಾವ ಊರ ದೊಡ್ಡಮ್ಮ? ಮೊನ್ನೆ ಮೊನ್ನೆ ಕುಂಟಾಬಿಲ್ಲೆ ಆಡಿಕೊಂಡಿದ್ದವಳು!

"ಇಡು ಇಡು, ಕೆಲಸ ಐತಿ" ಅಂತ ಫೋನು ಇಟ್ಟಳು. ದೂರದಲ್ಲಿ ರಂಗಣ್ಣನ ಬೈಕು ಬರುತ್ತಿತ್ತು. ಅವಳು ಸೀಮೆಸುಣ್ಣ ತೆಗೆದುಕೊಂಡು ಹಸಿ ಚೀಲಗಳ ಮೇಲೆ ಒಂದೊಂದಕ್ಕೂ ಅಡ್ಡಗೆರೆ ಎಳೆಯುತ್ತಾ ಹೋದಳು, ಅವನು ಬಂದು ಕೂಗಾಡುವುದಕ್ಕೆ ಮೊದಲೇ.